ಸರಾಸರಿಗೆ ಒಗ್ಗದ ಮಿದುಳು

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯರಾದ ಲಿಯೋ ಕ್ಯಾನರ್ ಹನ್ನೊಂದು ಮಂದಿ ಮಕ್ಕಳ ವೃತ್ತಾಂತವನ್ನು ಬರೆದು, ನಾವು ಇಂದು ಆಟಿಸಂ ಅಥವಾ ಸ್ವಲೀನತೆ ಎನ್ನುವ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದಾಗ, ಆ ಮಕ್ಕಳ ಪೈಕಿ ಐವರ ತಲೆ ತುಸು ದೊಡ್ಡದೆಂಬ ಸಂಗತಿಯನ್ನೂ ಪ್ರಸಂಗವಶಾತ್ ನಮೂದಿಸಿದ್ದರು. ಐವರದು ದೊಡ್ಡದು, ಮಿಕ್ಕ ಆರು ಮಂದಿಯ ವಿಷಯದಲ್ಲಿ ಆ ಮಾತಿಲ್ಲ. ಮುಂದಿನ ಎಂಬತ್ತು ವರ್ಷಗಳ ಮಿದುಳಿನ ಸಂಶೋಧನೆಯನ್ನು ಕಾಡಿದ ತೊಡಕೆಲ್ಲವೂ ಬೀಜರೂಪದಲ್ಲಿ ಆ ಲೆಕ್ಕದೊಳಗೇ ಅಡಗಿತ್ತೆಂದು ನನಗೆ ತೋರುತ್ತದೆ.

ಆ ಲೆಕ್ಕದ ಬೆನ್ನು ಹಿಡಿಯುವುದಕ್ಕೆ ಬಹುಕಾಲ ಯಾರಿಗೂ ಮನಸ್ಸಾಗಲಿಲ್ಲ. ತಾಯಿಯ ವಾತ್ಸಲ್ಯಹೀನತೆಯೇ ಮಗುವಿನ ಮೌನಕ್ಕೆ ಕಾರಣವೆಂಬ ನಿರ್ದಯವಾದ ಸಿದ್ಧಾಂತವು ಪಂಡಿತರ ಮನ್ನಣೆಗೆ ಪಾತ್ರವಾಗಿ, ಎಷ್ಟೋ ಮಂದಿ ತಾಯಂದಿರನ್ನು ನಿಷ್ಕಾರಣವಾಗಿ ನೋಯಿಸಿತು. 1964ರಲ್ಲಿ ಬರ್ನಾರ್ಡ್ ರಿಮ್ಲಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೂ ಅಂಥ ಮಗುವೊಂದರ ತಂದೆಯಾಗಿದ್ದವರು, ಕಾರಣವನ್ನು ಮಿದುಳಿನಲ್ಲಿ ಹುಡುಕಬೇಕೆಂದು ಗ್ರಂಥಮುಖೇನ ವಾದಿಸಿದ ಮೇಲೆ ಶೋಧದ ದಿಕ್ಕು ಬದಲಾಯಿತು.

ದಿಕ್ಕು ಬದಲಾದರೂ ಗುರಿ ಕೈಗೆಟುಕಲಿಲ್ಲ. 1985ರಲ್ಲಿ ಮಾರ್ಗರೆಟ್ ಬಾಮನ್ ಮತ್ತು ಥಾಮಸ್ ಕೆಂಪರ್ ಆಟಿಸಂ ಇದ್ದ ಮೃತನೊಬ್ಬನ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರಿಶೀಲಿಸಿ, ಕಿರುಮಿದುಳಿನ ಪರ್ಕಿಂಜೆ ಕೋಶಗಳು ಕಡಮೆಯಾಗಿರುವುದನ್ನು ಕಂಡರು; 1988ರಲ್ಲಿ ಎರಿಕ್ ಕೋರ್ಶೇನ್ ಮತ್ತು ಸಂಗಡಿಗರು ಎಂಆರ್‌ಐ ಚಿತ್ರಗಳಲ್ಲಿ ಅದೇ ಕಿರುಮಿದುಳಿನ ನಡುಭಾಗದ ಕೆಲವು ಖಂಡಗಳು ಕಿರಿದಾಗಿವೆಯೆಂದರು; ಬೇರೆಯವರು ಅಳೆದಾಗ ಅದು ಎಲ್ಲರಲ್ಲಿಯೂ ಕಾಣಬರಲಿಲ್ಲ. ಮಿದುಳಿನ ಭಾಗಗಳ ನಡುವಣ ಸಂಪರ್ಕವು ಕ್ಷೀಣವೆಂದು ಒಂದು ಪಕ್ಷ, ಅತಿಯೆಂದು ಇನ್ನೊಂದು ಪಕ್ಷ. ಪ್ರಮಾಣಗಳೋ ಇಬ್ಬರ ಬಳಿಯಲ್ಲಿಯೂ ಇದ್ದವು.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಅವಿತಾಲ್ ಹಹಾಮಿ, ರಫಾಯೆಲ್ ಮಲಾಖ್ ಹಾಗೂ ಅಮೆರಿಕದ ಮರ್ಲೀನ್ ಬೆರ್ಮನ್ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದರೆ ಎರಡು ಪಕ್ಷದವರೂ ತಾವು ಕಂಡದ್ದನ್ನೇ ಹೇಳಿದ್ದರೆಂದು ನಂಬಬಹುದು. ಏನನ್ನೂ ಮಾಡದೆ ಸುಮ್ಮನೆ ಮಲಗಿರುವಾಗಲೂ ಮಿದುಳಿನ ಎಡಬಲಗಳ ಸದೃಶ ಸ್ಥಾನಗಳಲ್ಲಿ ಚಟುವಟಿಕೆಯು ಜೊತೆಜೊತೆಯಾಗಿ ಏರಿಳಿಯುತ್ತದೆ. ಈ ಜೊತೆಯು ಎಲ್ಲಿ ಗಾಢ, ಎಲ್ಲಿ ಶಿಥಿಲ ಎಂಬ ವಿನ್ಯಾಸವು ಆಟಿಸಂ ಇಲ್ಲದವರಲ್ಲಿ ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತದೆ. ಆಟಿಸಂ ಉಳ್ಳವರಲ್ಲಾದರೋ ಪ್ರತಿಯೊಬ್ಬರೂ ಆ ಸಾಮಾನ್ಯ ವಿನ್ಯಾಸದಿಂದ ತಮ್ಮದೇ ಆದ ರೀತಿಯಲ್ಲಿ ಸರಿದಿರುವುದರಿಂದ ತಮ್ಮತಮ್ಮೊಳಗೂ ಭಿನ್ನರಾಗಿರುತ್ತಾರೆ. ಒಬ್ಬನ ಮೇಲೆ ನೂರು ರೂಪಾಯಿ ಸಾಲವಿದ್ದು ಇನ್ನೊಬ್ಬನ ಗಂಟಿನಲ್ಲಿ ನೂರು ರೂಪಾಯಿ ಇದ್ದರೆ ಸರಾಸರಿಯ ಲೆಕ್ಕದಲ್ಲಿ ಇಬ್ಬರೂ ನಿಶ್ಚಿಂತರು. ಸಂಪರ್ಕ ಹೆಚ್ಚೋ ಕಡಮೆಯೋ ಎಂಬ ಕಲಹದಲ್ಲಿ ನಡೆದಿದ್ದುದೂ ಪ್ರಾಯಶಃ ಇದೇ ಬಗೆಯ ಗಣಿತ. ತಲೆಯ ಗಾತ್ರದ ಹಳೆಯ ಪ್ರಶ್ನೆಯೂ ಹೀಗೆಯೇ ಬಗೆಹರಿಯುತ್ತಿದೆ: ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಕಂಡಂತೆ, ದೇಹಪ್ರಮಾಣವನ್ನು ಮೀರಿದ ದೊಡ್ಡ ಮಿದುಳು ಇರುವುದು ಆಟಿಸಂ ಉಳ್ಳ ಹುಡುಗರ ಪೈಕಿ ಸುಮಾರು ಶೇಕಡಾ 15 ಮಂದಿಯಲ್ಲಿ ಮಾತ್ರ.

ಇಂಥ ಪ್ರಯೋಗಗಳ ಲೋಪವೊಂದನ್ನು ಹೇಳದೆ ಬಿಡಲಾಗದು. ಎಂಆರ್‌ಐ ಯಂತ್ರದ ಇಕ್ಕಟ್ಟಾದ ಕೊಳವೆಯೊಳಗೆ, ಕರ್ಕಶವಾದ ಸದ್ದಿನ ನಡುವೆ, ಮಿಸುಕದೆ ಮಲಗಬಲ್ಲವರ ಚಿತ್ರ ಮಾತ್ರ ದೊರೆಯುತ್ತದೆ. ತಲೆ ತುಸು ಅಲುಗಿದರೂ ಸಂಪರ್ಕ ಕ್ಷೀಣವೆಂಬ ಭ್ರಮೆ ಹುಟ್ಟಬಹುದು. ಮಾತು ಬಾರದವರು, ಸದ್ದಿಗೆ ಕಿವಿ ಮುಚ್ಚಿಕೊಳ್ಳುವವರು, ಬುದ್ಧಿಯ ಬೆಳವಣಿಗೆ ಕುಂಠಿತವಾದವರು ಹೀಗಾಗಿ ಬಹುತೇಕ ಅಧ್ಯಯನಗಳಿಂದ ಹೊರಗುಳಿದಿದ್ದಾರೆ, ಹೆಣ್ಣುಮಕ್ಕಳೂ ವಿರಳ. ಡೇವಿಸ್ಸಿನವರು ಚಿಕ್ಕಮಕ್ಕಳನ್ನು ರಾತ್ರಿಯ ಸಹಜನಿದ್ರೆಯಲ್ಲಿ ಚಿತ್ರಿಸುವ ಕಷ್ಟಸಾಧ್ಯವಾದ ಕ್ರಮವನ್ನು ರೂಢಿಸಿಕೊಂಡದ್ದು ನನಗೆ ಎಷ್ಟೋ ಹೊಸ ಸಿದ್ಧಾಂತಗಳಿಗಿಂತ ಹೆಚ್ಚು ಗೌರವಾರ್ಹವಾಗಿ ಕಾಣುತ್ತದೆ.

“ಒಂದು ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಡಾಕ್ಟ್ರೇ?” ಎಂದು ನಮ್ಮ ತಂದೆತಾಯಿಗಳು ಕೇಳುವುದು ಸಹಜ. ಗೊತ್ತಾಗುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ ಮಾಪಕವು ಮಗುವಿನ ನಡೆನುಡಿಗಳನ್ನು 40 ಅಂಶಗಳಲ್ಲಿ ಅಳೆಯುತ್ತದೆಯೇ ಹೊರತು ಚಿತ್ರವನ್ನು ಕೇಳುವುದಿಲ್ಲ. ಫಿಟ್ಸ್ ಬರುತ್ತಿದ್ದರೆ ಸ್ಕ್ಯಾನ್ ಅಗತ್ಯವಾಗಬಹುದು. ಆದರೆ ಅದರ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೆ ಗಡ್ಡೆಯೋ ಗಾಯವೋ ಕಾಣಲಿಲ್ಲವೆಂದು ಅರ್ಥವಲ್ಲದೆ ಆಟಿಸಂ ಇಲ್ಲವೆಂದಲ್ಲ. ಆ ಒಂದು ಶಬ್ದವನ್ನು ನೆಚ್ಚಿ ಮಗುವಿನ ಸ್ಪೀಚ್ ಥೆರಪಿಯನ್ನು ಮುಂದೂಡುವವರೂ ಉಂಟಾದ್ದರಿಂದ, ವರದಿಯನ್ನು ಕೈಗೆ ಕೊಡುವಾಗಲೇ ವೈದ್ಯರು ಇಷ್ಟನ್ನು ಬಿಡಿಸಿ ಹೇಳಬೇಕು.