ಲಂಟಾನದ ಹಸಿರು

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದವರು ಅಲ್ಲಿನ ಕಾಡು ದಟ್ಟವಾಗಿದೆ, ಹಸಿರಾಗಿದೆ ಎಂದು ಹೊಗಳುವುದುಂಟು. ಆ ಹಸಿರಿನಲ್ಲಿ ಲಂಟಾನದ ಪಾಲೆಷ್ಟು ಎಂದು ಕೇಳುವವರು ಕಡಿಮೆ.

ಕುರುಚಲು ಗಿಡಗಳೆಂದರೆ ನಮ್ಮ ಜನರಿಗೆ ಮೊದಲಿನಿಂದಲೂ ತಾತ್ಸಾರ. ತಂಗಡಿಯ ತೊಗಟೆ ಚರ್ಮ ಹದಮಾಡಲು ಬೇಕಾಗಿತ್ತು, ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಕವಳೆ, ಎಲಚಿಗಳ ಹಣ್ಣು ಹಕ್ಕಿಗಳಿಗೂ ದನಗಾಹಿ ಮಕ್ಕಳಿಗೂ ಸಮನಾಗಿ ಸಲ್ಲುತ್ತಿತ್ತು. ಇವು ಬೆಳೆಯುವ ರೀತಿಯಲ್ಲಿ ಒಂದು ಔದಾರ್ಯವಿದೆ. ಪೊದೆಪೊದೆಯಾಗಿ ನಿಂತು ನಡುವೆ ಜಾಗ ಬಿಡುತ್ತವೆ. ಆ ಜಾಗದಲ್ಲಿ ಹುಲ್ಲು, ಹುಲ್ಲಿಗೆ ಜಿಂಕೆ, ಪೊದೆಯ ಮರೆಯಲ್ಲಿ ನೆಲ್ಲಿಯ ಸಸಿ.

ಸಸ್ಯಾನುಕ್ರಮದ ಪಾಠ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: ಬರಿನೆಲ, ಹುಲ್ಲು, ಪೊದೆ, ಮರ. ಲಂಟಾನವು ಈ ಏಣಿಯನ್ನು ನಡುವಿನ ಮೆಟ್ಟಿಲಲ್ಲೇ ತಡೆದು ನಿಲ್ಲಿಸುತ್ತದೆ. ಅಮೆರಿಕದ ಉಷ್ಣವಲಯದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಹೂವಿನ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಎಲೆ ವಿಷವಾದ್ದರಿಂದ ದನಗಳು ಸಾಮಾನ್ಯವಾಗಿ ಮುಟ್ಟವು. ಹಣ್ಣನ್ನು ಮಾತ್ರ ಪಿಕಳಾರಗಳು ತಿಂದು ಬೀಜವನ್ನು ಎಲ್ಲೆಡೆ ಬಿತ್ತುತ್ತವೆ. ಪೊದೆಗಳ ನಡುವಿನ ಜಾಗವೆಲ್ಲ ತುಂಬಿಹೋಗಿ ಬೆಳಕಿಲ್ಲದೆ ಹುಲ್ಲು ಸಾಯುತ್ತದೆ, ಸಸಿ ಮೇಲೇಳದು. ಮೇಲೆ ಹಳೆಯ ಮರಗಳೇನೋ ನಿಂತಿರುತ್ತವೆ, ಮುದುಕರಷ್ಟೇ ಉಳಿದ ಹಳ್ಳಿಯ ಹಾಗೆ. ಬಿಳಿಗಿರಿಯಲ್ಲಿ 1997ರಲ್ಲಿ ಅಧ್ಯಯನಕ್ಕೆಂದು ಗುರುತಿಸಿದ ತುಣುಕುಗಳ ಪೈಕಿ ಸುಮಾರು ಶೇಕಡಾ 40ರಲ್ಲಿ ಲಂಟಾನವಿತ್ತು. 2008ರ ವೇಳೆಗೆ ಅದು ಶೇಕಡಾ 80ರಷ್ಟಾಗಿತ್ತು.

ಇದಕ್ಕೆ ಸೋಲಿಗರು ಕೊಡುವ ಕಾರಣವನ್ನು ನಾವು ಗಂಭೀರವಾಗಿ ಕೇಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅವರ ಹಿರಿಯರು ಬೇಸಿಗೆ ಬಲಿಯುವ ಮುನ್ನವೇ 'ತರಗು ಬೆಂಕಿ' ಇಡುತ್ತಿದ್ದರು. ಒಣಗಿದ ಎಲೆಯಷ್ಟೇ ಉರಿದು ಆರುತ್ತಿದ್ದ, ನೆಲಕ್ಕಂಟಿಕೊಂಡ ಬೆಂಕಿ ಅದು. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಅದು ಅಪರಾಧವಾಯಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತೆನ್ನುತ್ತಾರೆ ಅವರು. ಕಾಡಿನೊಳಗೇ ಹುಟ್ಟಿ ಬೆಳೆದವರ ಮಾತಿಗೆ ಕಡತದಲ್ಲಿ ಜಾಗವಿಲ್ಲದಿರುವುದು ನಮ್ಮ ಆಡಳಿತದ ಹಳೆಯ ಕಾಯಿಲೆ. 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕೇನೋ ದೊರೆಯಿತು.

ಹಾಗೆಂದು ಈಗ ಹಠಾತ್ತನೆ ಬೆಂಕಿ ಇಡುವುದನ್ನು ನಾನು ಒಪ್ಪಲಾರೆ. ಆಳೆತ್ತರದ ಒಣ ಲಂಟಾನಕ್ಕೆ ತಗುಲಿದ ಕಿಚ್ಚು ನೆಲದಲ್ಲಿ ನಿಲ್ಲದೆ ಮರದ ತಲೆಗೇರುತ್ತದೆ. ಮೊದಲು ಗಿಡ ಕೀಳಬೇಕು. ಬರಿದೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಅನಂತರ ಹಕ್ಕಿಗಳು ಕೂರುವ ಮರಗಳ ಕೆಳಗೆ ಮೂಡುವ ಸಸಿಗಳನ್ನು ಒಂದೆರಡು ಮಳೆಗಾಲ ಕಿತ್ತುಹಾಕಬೇಕು. ಈ ಕೆಲಸವನ್ನು ಗುತ್ತಿಗೆದಾರರಿಗಿಂತ ಸೋಲಿಗರ ಗ್ರಾಮಸಭೆಗಳಿಗೆ, ತಕ್ಕ ಕೂಲಿಯೊಡನೆ, ವಹಿಸುವುದು ಮೇಲು. ಕಿತ್ತ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದರಿಂದ ಕುರ್ಚಿ, ಮೇಜುಗಳನ್ನು ಹೆಣೆದಿದ್ದಾರೆ. ಅರಣ್ಯ ಇಲಾಖೆಯಲ್ಲಿರುವ ನನ್ನ ಶಿಷ್ಯರು ಇದನ್ನು ಓದಿದರೆ ಉತ್ತರ ಬರೆಯಲಿ, ಒಪ್ಪದಿದ್ದರೂ ಸರಿಯೇ.