ಕತ್ತಿನ ನರಕ್ಕೆ ಮದ್ದಿದೆ, ರಜೆ ಯಾರಿಗಿದೆ?



ಕತ್ತಿನಲ್ಲಿ ನರ ಒತ್ತಿಕೊಳ್ಳೋ ಕಾಯಿಲೆ ಬಗ್ಗೆ ಬರೀತಿದೀನಿ. ಇದು ಆಸ್ಪತ್ರೆಗಷ್ಟೇ ಸೇರಿದ ವಿಷಯ ಅಲ್ಲ, ನಮ್ಮ ಚಳವಳಿಯ ವಿಷಯ.

ಕತ್ತಿನ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ, ಇಲ್ಲಾ ಮೂಳೆ ಸವೆದು, ಕೈಗೆ ಇಳಿಯೋ ನರವನ್ನ ಅದುಮುತ್ತೆ. ಭುಜದಿಂದ ಬೆರಳ ತುದಿವರೆಗೂ ನೋವು, ಜೋಮು. ಹೋದ ವರ್ಷ ನನಗೂ ಬಂತು. ಹೆಚ್ಚಿನವರಿಗೆ ಆಪರೇಷನ್ ಬೇಕಾಗಲ್ಲ. ನೋವಿನ ಮಾತ್ರೆ, ಫಿಸಿಯೋಥೆರಪಿ, ಭಾರ ಎತ್ತದೇ ಇರೋದು, ಇಷ್ಟರಲ್ಲೇ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕಡಿಮೆ ಆಗುತ್ತೆ. ಕತ್ತಿನ ಪಟ್ಟಿ ಸ್ವಲ್ಪ ದಿನ ಮಾತ್ರ. ತಿಂಗಳುಗಟ್ಟಲೆ ಹಾಕಿದ್ರೆ ಸ್ನಾಯು ಸೊರಗುತ್ತೆ. ಕೆಲವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಕೈಯ ಶಕ್ತಿ ಕುಂದ್ತಾ ಹೋದ್ರೆ, ಇಲ್ಲಾ ಏನು ಮಾಡಿದ್ರೂ ನೋವು ಬಗ್ಗದಿದ್ರೆ ಆಪರೇಷನ್. ಆದರೆ ಅಂಗಿ ಗುಂಡಿ ಹಾಕೋಕೆ ಬೆರಳು ಓಡ್ತಿಲ್ಲ, ನಡೆಯುವಾಗ ಕಾಲು ತೊಡರುತ್ತೆ, ಮೂತ್ರದ ಹಿಡಿತ ತಪ್ಪಿದೆ ಅಂದ್ರೆ ಬೆನ್ನುಹುರಿಗೇ ಒತ್ತಡ ಬಿದ್ದಿರಬಹುದು. ಕಾಯಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ಕತ್ತನ್ನ ಲಟಕ್ ಅಂತ ತಿರುಗಿಸೋರ ಹತ್ರ ಹೋಗ್ಲೇಬೇಡಿ.

ಈಗ ಅಸಲಿ ಮಾತು. ಡಾಕ್ಟ್ರು ನನಗೂ ಭಾರ ಎತ್ತಬೇಡಿ ಅಂದ್ರು. ನಾನು ಗುಮಾಸ್ತ. ಸರ್ಟಿಫಿಕೇಟ್ ಕೊಟ್ಟೆ, ರಜೆ ಸಿಕ್ತು, ಸಂಬಳ ಬಂತು, ವಾಸಿ ಆಯ್ತು. ಅದೇ ಮಾತನ್ನ 50 ಕೆಜಿ ಸಿಮೆಂಟ್ ಮೂಟೆ ಹೊರೋ ಹಮಾಲಿ ಅಣ್ಣನಿಗೆ, ತಲೆ ಮೇಲೆ ಇಟ್ಟಿಗೆ ಹೊರೋ ಅಕ್ಕನಿಗೆ, ಕಸದ ಗಾಡಿ ತಳ್ಳೋ ಪೌರಕಾರ್ಮಿಕರಿಗೆ ಹೇಳಿದ್ರೆ? ಭಾರ ಎತ್ತೋದೇ ಅವರ ಕೆಲಸ. ಎತ್ತದಿದ್ರೆ ಅವತ್ತಿನ ಕೂಲಿ ಇಲ್ಲ. ಈ ಸಾಲಿನಲ್ಲಿ ನಿಂತಿರೋರು ಯಾವ ಕೇರಿಯವರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಒಳ್ಳೇದೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ. ಮನೆಯಿಂದ ಫಿಸಿಯೋಥೆರಪಿಗೆ ಓಡಾಡೋರ ಕೂಲಿ ನಷ್ಟವನ್ನ ಅದು ತುಂಬಲ್ಲ.

ಅದನ್ನ ತುಂಬೋದು ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಇದರೊಳಗೆ ಬರ್ತಾರೆ. ಕಂತು ಸರಿಯಾಗಿ ಕಟ್ಟಿದ್ರೆ ಕಾಯಿಲೆ ರಜೆಗೆ ಕೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1944ರಲ್ಲಿ, ಬಂದ ಅದಾರ್ಕರ್ ವರದಿಯೇ 1948ರ ಇಎಸ್‌ಐ ಕಾಯ್ದೆಗೆ ಬುನಾದಿ. ಅದು ನಮ್ಮ ಹಕ್ಕು, ಯಾರ ಭಿಕ್ಷೆಯೂ ಅಲ್ಲ.

ಹಾಗಾಗಿ ಗುತ್ತಿಗೆ ಕೆಲಸದಲ್ಲಿರೋರು ನಿಮ್ಮ ಇಎಸ್‌ಐ ನಂಬರ್ ಕೇಳಿ ಇಸ್ಕೊಳ್ಳಿ, ಹಿಡಿದ ಹಣ ಜಮಾ ಆಗಿದೆಯಾ ಪರೀಕ್ಷೆ ಮಾಡಿ. ಇಎಸ್‌ಐ ಹೊರಗಿರೋ ಹಮಾಲಿ, ಕಟ್ಟಡ ಕೂಲಿಗಳಿಗೂ ಕಾಯಿಲೆ ರಜೆಯ ಕೂಲಿ, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಹೊರೋ ಭಾರಕ್ಕೊಂದು ಮಿತಿ: ಈ ಮೂರನ್ನ ನಮ್ಮ ಮುಂದಿನ ಮನವಿಪತ್ರದಲ್ಲಿ ಸೇರಿಸಲೇಬೇಕು. ಸಂಘಟನೆಯ ಗೆಳೆಯರು ನಿಮ್ಮ ನಿಮ್ಮ ಊರಿನ ಪರಿಸ್ಥಿತಿ ಕೆಳಗೆ ಬರೀರಿ.

ಜೈ ಭೀಮ್.