ಕ್ಯಾಮೆರಾ ಕೊಳ್ಳುವ ಗೃಹಸ್ಥರಿಗೆ ನಾಲ್ಕು ಮಾತು

ಮನೆಗೊಂದು ಕ್ಯಾಮೆರಾ ಕೊಳ್ಳಬೇಕೆಂದಿರುವೆವು. ಅಂಗಡಿಗೆ ಹೋದರೆ ಅಲ್ಲಿಯವರು ಆಡುವ ಮಾತಿನಲ್ಲಿ ಅರ್ಧವೂ ತಿಳಿಯದು. ಹಣ ವ್ಯರ್ಥವಾಗದಂತೆ ಆರಿಸುವ ಬಗೆ ಯಾವುದು ಎಂದು ಈ ಪುಟದ ವಾಚಕರಲ್ಲಿ ಕೆಲವರು ಕೇಳಿರುವರು. ಈ ವಿಷಯದಲ್ಲಿ ನಾನು ಪಂಡಿತನಲ್ಲ. ತಿಳಿಯದೆ ಕೊಂಡು ಒಮ್ಮೆ ಪಶ್ಚಾತ್ತಾಪಪಟ್ಟವನು. ಆದಕಾರಣ ಆ ಸಂಗತಿಯನ್ನೇ ಮೊದಲು ಹೇಳಿಬಿಡುವುದು ಲೇಸು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಹುಡುಗನ ಉಪನಯನವಾಯಿತು. ಅದಕ್ಕೆಂದೇ ನಾನು ಬೆಲೆಬಾಳುವ ಕ್ಯಾಮೆರಾವೊಂದನ್ನು ತಂದೆನು. ಮೆಗಾಪಿಕ್ಸೆಲ್ಲಿನ ದೊಡ್ಡ ಅಂಕಿಯೊಂದನ್ನು ಹೇಳಿ, ಇದಕ್ಕಿಂತ ಇನ್ನೇನು ಬೇಕೆಂದನು ಮಾರಿದವನು, ನಾನೂ ಹೌದೆಂದೆನು. ಎರಡು ದಿನಗಳಲ್ಲಿ ನಾನೂರು ಚಿತ್ರಗಳಾದವು. ಮರುವರ್ಷ ನಮ್ಮ ಸೋದರತ್ತೆಯವರು ತೀರಿಕೊಂಡರು. ನಮ್ಮನ್ನೆಲ್ಲ ಎತ್ತಿ ಆಡಿಸಿ ಬೆಳೆಸಿದವರು ಅವರು. ಗೋಡೆಗೆ ಹಾಕಲು ಒಂದು ಚಿತ್ರ ಬೇಕೆಂದು ಆ ನಾನೂರನ್ನೂ ಹುಡುಕಿದೆವು. ಹನ್ನೊಂದರಲ್ಲಿ ಅತ್ತೆಯಿದ್ದರು, ಹನ್ನೊಂದರಲ್ಲಿಯೂ ಮುಖ ಕಲಸಿಹೋಗಿತ್ತು. ಸೀರೆಯ ಬಣ್ಣದಿಂದ ಗುರುತು ಹಿಡಿಯಬೇಕು. ಪಂಕ್ತಿಯಲ್ಲಿ ಕುಳಿತ ನೆಂಟರ ಮುಖಗಳೆಲ್ಲ ಸ್ಪಷ್ಟವಾಗಿದ್ದುವು; ಅವರ ಎಲೆಗಳಿಗೆ ಬಡಿಸುತ್ತ ನಡೆದಾಡಿದವರ ಮುಖವೊಂದೇ ಇಲ್ಲ.

ಹೀಗಾದುದು ನನಗೊಬ್ಬನಿಗೇ ಅಲ್ಲ. ಛಾಯಾಚಿತ್ರದ ವಿದ್ಯೆ ಹುಟ್ಟಿದ ಕಾಲದಲ್ಲಿಯೇ ಇದು ನಡೆದಿರುವುದು. ೧೮೩೮ರಲ್ಲಿ ದಾಗೇರ್ ಎಂಬ ಫ್ರಾನ್ಸ್ ದೇಶದವನು ಪ್ಯಾರಿಸ್ ನಗರದ ಒಂದು ಬೀದಿಯ ಚಿತ್ರವನ್ನು ತೆಗೆದನು. ಅದು ಜನಸಂಚಾರವುಳ್ಳ ಬೀದಿ. ಚಿತ್ರದಲ್ಲಿಯಾದರೋ ಬೀದಿ ಬಹುಮಟ್ಟಿಗೆ ಬರಿದಾಗಿರುವುದು. ಚಿತ್ರ ಮೂಡಲು ಕೆಲವು ನಿಮಿಷಗಳು ಬೇಕಾಗಿದ್ದುದರಿಂದ ನಡೆಯುತ್ತಿದ್ದವರೂ ಓಡುತ್ತಿದ್ದ ಗಾಡಿಗಳೂ ಅಳಿಸಿಹೋದುವು. ಬೂಟುಗಳಿಗೆ ಹೊಳಪು ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಒಬ್ಬಾತನ ಆಕಾರ ಉಳಿಯಿತು. ನಿಂತವನು ಉಳಿದನು, ನಡೆದವರು ಹೋದರು. ನಮ್ಮ ಮನೆಗಳಲ್ಲಿ ಒಂದೆಡೆ ನಿಲ್ಲದೆ ನಡೆದಾಡುವವರು ಯಾರೆಂಬುದನ್ನು ವಾಚಕರೇ ಯೋಚಿಸಬೇಕು. ಗೃಹಸ್ಥನು ಕೊಳ್ಳುವ ಕ್ಯಾಮೆರಾ ಅಂಥವರ ಮುಖವನ್ನು ಮನೆಯ ಮಂದ ಬೆಳಕಿನಲ್ಲಿ ಹಿಡಿಯಲು ಸಮರ್ಥವಾಗಿರಬೇಕು. ಮಿಕ್ಕ ಗುಣಗಳೆಲ್ಲ ಆಮೇಲಿನವು.

ಇದಕ್ಕೆ ಮೂರು ಶಬ್ದಗಳ ಅರ್ಥವನ್ನು ತಿಳಿದರೆ ಸಾಕು. ಕ್ಯಾಮೆರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ. ಬೆಳಕು ಬರಲು ಒಂದೇ ಕಿಟಕಿಯುಳ್ಳ ಕತ್ತಲೆಯ ಕೋಣೆಯನ್ನು ಊಹಿಸಿಕೊಳ್ಳಿರಿ. ಕಿಟಕಿ ಎಷ್ಟು ಅಗಲ ತೆರೆದಿದೆ ಎಂಬುದೇ ಅಪರ್ಚರ್. ಅದರ ಕದ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಶಟರಿನ ವೇಗ. ಬೆಳಕು ಬೀಳುವ ಎದುರು ಗೋಡೆಯೇ ಸೆನ್ಸರ್. ಅದರ ಮೇಲೆ ಬಿದ್ದ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸುವುದೆಂಬ ಲೆಕ್ಕಕ್ಕೆ ಐಎಸ್‌ಒ ಎಂದು ಹೆಸರು.

ಅಪರ್ಚರನ್ನು ಎಫ್/೨, ಎಫ್/೪, ಎಫ್/೮ ಎಂದು ಬರೆಯುವರು. ಅಂಕಿ ದೊಡ್ಡದಾದಷ್ಟೂ ಕಿಟಕಿ ಕಿರಿದಾಗುವುದೇಕೆಂದು ಹೊಸಬರು ಬೆರಗಾಗುವರು. ಇದು ಭಿನ್ನರಾಶಿಯ ಲೆಕ್ಕ. ಎಫ್ ಎಂಬುದು ಲೆನ್ಸಿನ ನಾಭಿದೂರ. ೫೦ ಮಿಲಿಮೀಟರ್ ನಾಭಿದೂರದ ಲೆನ್ಸಿನಲ್ಲಿ ಎಫ್/೨ ಎಂದರೆ ೨೫ ಮಿಲಿಮೀಟರ್ ವ್ಯಾಸದ ಕಿಂಡಿ. ಎಫ್/೪ ಎಂದರೆ ಹನ್ನೆರಡೂವರೆ. ಅರ್ಧ ರೊಟ್ಟಿ ಕಾಲು ರೊಟ್ಟಿಗಿಂತ ದೊಡ್ಡದೆಂಬುದು ಮಕ್ಕಳಿಗೂ ಗೊತ್ತಿರುವುದಷ್ಟೆ. ವ್ಯಾಸ ಎರಡರಷ್ಟಾದರೆ ಒಳಗೆ ಬರುವ ಬೆಳಕು ನಾಲ್ಕರಷ್ಟಾಗುವುದು.

ಶಟರಿನ ವೇಗವನ್ನು ಸೆಕೆಂಡಿನ ಭಾಗಗಳಲ್ಲಿ ಹೇಳುವರು. ಸೆಕೆಂಡಿನಲ್ಲಿ ೧೫ನೆಯ ಒಂದು ಪಾಲು ಕದ ತೆರೆದಿದ್ದರೆ ನಡೆಯುವವರ ಮುಖ ಕಲಸುವುದು ಬಹುಮಟ್ಟಿಗೆ ನಿಶ್ಚಯ. ಮನೆಯೊಳಗೆ ನಡೆದಾಡುವವರಿಗೆ ೧೨೫ನೆಯ ಒಂದು ಪಾಲು, ಓಡುವ ಮಕ್ಕಳಿಗೆ ೫೦೦ನೆಯ ಒಂದು ಪಾಲು ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು.

ಐಎಸ್‌ಒ ಅಂಕಿಯನ್ನು ೪೦೦ರಿಂದ ೧೬೦೦ಕ್ಕೆ ಏರಿಸಿದರೆ ಕಾಲುಭಾಗ ಬೆಳಕಿನಲ್ಲಿಯೇ ಚಿತ್ರವಾಗುವುದು. ಆದರೆ ಏರಿಸಿದಷ್ಟೂ ಚಿತ್ರದಲ್ಲಿ ಮರಳು ಎರಚಿದಂತೆ ಕಾಳುಕಾಳು ತೋರುವುದು. ಸೆನ್ಸರ್ ದೊಡ್ಡದಿದ್ದಲ್ಲಿ ಈ ದೋಷ ಕಡಿಮೆ. ಪೂರ್ಣ ಚೌಕಟ್ಟಿನದೆಂದು ಹೇಳುವ ಸೆನ್ಸರಿನ ಅಳತೆ ೩೬ಕ್ಕೆ ೨೪ ಮಿಲಿಮೀಟರ್. ಸಾಮಾನ್ಯ ಗೃಹಸ್ಥರು ಕೊಳ್ಳುವ ಎಪಿಎಸ್-ಸಿ ಬಗೆಯದು ಸುಮಾರು ೨೩ಕ್ಕೆ ೧೫. ಫೋನಿನೊಳಗಿನದು ಇವೆರಡಕ್ಕಿಂತ ಬಹಳ ಚಿಕ್ಕದು. ಫೋನುಗಳು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೆಣೆದು ಈ ಕೊರತೆಯನ್ನು ಜಾಣತನದಿಂದ ಮುಚ್ಚುವುವು. ಹಗಲಿನ ಚಿತ್ರಗಳು ಮಾತ್ರ ಸಾಕೆನ್ನುವವರು ಕೈಯಲ್ಲಿರುವ ಫೋನನ್ನೇ ಚೆನ್ನಾಗಿ ಬಳಸಿ ಹಣವನ್ನು ಉಳಿಸಿಕೊಳ್ಳಬಹುದು.

ಈಗ ನನ್ನ ತಪ್ಪನ್ನು ಲೆಕ್ಕಹಾಕಿ ತೋರಿಸುವೆನು. ಕ್ಯಾಮೆರಾದ ಜೊತೆಯಲ್ಲಿಯೇ ಬಂದ ೧೮ರಿಂದ ೫೫ ಮಿಲಿಮೀಟರಿನ ಲೆನ್ಸನ್ನು ನಾನು ದೂರದ ಮುಖಗಳಿಗಾಗಿ ಪೂರ್ತಿ ಎಳೆದಿದ್ದೆನು. ಹಾಗೆ ಎಳೆದಾಗ ಅದರ ಕಿಂಡಿ ಎಫ್/೫.೬ಕ್ಕಿಂತ ಅಗಲವಾಗದು. ಮಂಟಪದ ಮಂದ ಬೆಳಕಿಗೆ ಯಂತ್ರವು ತಾನಾಗಿ ೧೫ನೆಯ ಒಂದು ಪಾಲು ವೇಗವನ್ನು ಆರಿಸಿಕೊಂಡಿತು. ಅದೇ ಯಂತ್ರಕ್ಕೆ ಎಫ್/೧.೮ರ ೫೦ ಮಿಲಿಮೀಟರ್ ಲೆನ್ಸನ್ನು ತೊಡಿಸಿದ್ದರೆ ಒಂಬತ್ತು ಪಾಲಿಗಿಂತ ಹೆಚ್ಚು ಬೆಳಕು ಬಂದು, ಐಎಸ್‌ಒವನ್ನು ಏರಿಸದೆಯೇ ೧೨೫ನೆಯ ಒಂದು ಪಾಲು ವೇಗ ಸಾಧ್ಯವಾಗುತ್ತಿದ್ದಿತು. ಆ ಲೆನ್ಸು ಲೆನ್ಸುಗಳಲ್ಲೆಲ್ಲ ಅಗ್ಗದವುಗಳ ಸಾಲಿಗೆ ಸೇರಿದುದು. ಹೆಚ್ಚು ಪಿಕ್ಸೆಲುಗಳಿಗಾಗಿ ನಾನು ತೆತ್ತ ಹಣದಲ್ಲಿ ಅದು ಬರುತ್ತಿದ್ದಿತು.

ಪಿಕ್ಸೆಲ್ ಎಂದರೆ ಚಿತ್ರದ ಒಂದು ಚುಕ್ಕೆ. ಹತ್ತು ಲಕ್ಷ ಚುಕ್ಕೆಗಳಿಗೆ ಒಂದು ಮೆಗಾಪಿಕ್ಸೆಲ್. ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಚ್ಚುಮಾಡಿಸಿದರೆ, ಆಲ್ಬಮಿನಲ್ಲಿ ಅಂಟಿಸುವ ೬ಕ್ಕೆ ೪ ಅಂಗುಲದ ಚಿತ್ರಕ್ಕೆ ಬೇಕಾಗುವುವು ಸುಮಾರು ೨೨ ಲಕ್ಷ ಮಾತ್ರ. ಗೋಡೆಗೆ ಹಾಕುವ ೧೨ಕ್ಕೆ ೮ ಅಂಗುಲದ ಚಿತ್ರಕ್ಕೂ ೯ ಮೆಗಾಪಿಕ್ಸೆಲ್ ಸಾಕು. ಇಂದಿನ ಕ್ಯಾಮೆರಾಗಳಲ್ಲಿ ಇದಕ್ಕೆ ಕಡಿಮೆಯಿರುವುದು ಅಪರೂಪ. ಆದ್ದರಿಂದ ಈ ಅಂಕಿಗೆ ಮರುಳಾಗತಕ್ಕದ್ದಿಲ್ಲ.

ಅಂಗಡಿಯಲ್ಲಿ ಇನ್ನೂ ಎರಡು ಮಾತುಗಳನ್ನು ಎಚ್ಚರದಿಂದ ಕೇಳಬೇಕು. ಮೊದಲನೆಯದು ಸ್ಟೆಬಿಲೈಸೇಷನ್. ಇದು ತೆಗೆಯುವವರ ಕೈಯ ನಡುಕವನ್ನು ಸರಿಪಡಿಸುವುದು. ಎದುರಿನವರ ಚಲನೆಯನ್ನು ತಡೆಯಲಾರದು. ಎರಡನೆಯದು ಡಿಜಿಟಲ್ ಜೂಮ್. ಇದರಲ್ಲಿ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವರೇ ಹೊರತು ದೂರದ ವಸ್ತುವನ್ನು ನಿಜವಾಗಿ ಹತ್ತಿರ ತರುವುದಿಲ್ಲ. ಆ ಕೆಲಸ ಲೆನ್ಸಿನಿಂದಾಗುವ ಆಪ್ಟಿಕಲ್ ಜೂಮಿನದು.

ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕೊಳ್ಳುವುದೋ, ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಳ್ಳುವುದೋ ಎಂಬ ಸಂದೇಹ ಬಹಳ ಮಂದಿಗೆ ಉಂಟು. ತಯಾರಕರ ಹೊಸ ಮಾದರಿಗಳು ಬಹುಮಟ್ಟಿಗೆ ಎರಡನೆಯ ಬಗೆಯವು. ಆದರೂ ಒಬ್ಬರು ಬಳಸಿ ಜೋಪಾನವಾಗಿಟ್ಟ ಡಿಎಸ್‌ಎಲ್‌ಆರ್ ಕಡಿಮೆ ಬೆಲೆಗೆ ದೊರೆತರೆ ಅದನ್ನು ಹಳೆಯದೆಂದು ಹಳಿಯಬೇಕಾಗಿಲ್ಲ. ಹೊಸ ಲೆನ್ಸು ಆ ಯಂತ್ರದ ಬಾಯಿಗೆ ಕೂಡುವುದೇ ಎಂಬುದನ್ನು ಮಾತ್ರ ಹಣ ಕೊಡುವ ಮೊದಲೇ ಕೇಳತಕ್ಕದ್ದು.

ಕೊಂಡ ಮೇಲೆ ಸಮಾರಂಭದ ದಿನದವರೆಗೆ ಪೆಟ್ಟಿಗೆಯಲ್ಲಿ ಇಡಬಾರದು. ಒಂದು ಸಂಜೆ ದೀಪ ಹಚ್ಚಿದ ಮೇಲೆ, ಮೇಲಿನ ತಿರುಗಣಿಯನ್ನು ಶಟರಿನ ವೇಗವನ್ನು ನಾವೇ ಗೊತ್ತುಮಾಡುವ ಗುರುತಿಗೆ ತಿರುಗಿಸಿ, ೧೨೫ನೆಯ ಒಂದು ಪಾಲಿಗೆ ನಿಲ್ಲಿಸಿ, ಐಎಸ್‌ಒವನ್ನು ಯಂತ್ರಕ್ಕೇ ಬಿಟ್ಟು ಮನೆಯವರ ಚಿತ್ರಗಳನ್ನು ತೆಗೆದು ನೋಡಬೇಕು. ಕಾಳು ಕಾಣಿಸಿದರೂ ಚಿಂತೆಯಿಲ್ಲ. ಕಾಳಿನ ನಡುವೆ ಮುಖವನ್ನು ಗುರುತಿಸಬಹುದು. ಕಲಸಿಹೋದ ಮುಖವನ್ನು ಯಾವ ವಿದ್ಯೆಯೂ ಇದ್ದಂತೆ ಮರಳಿ ತಾರದು. ಅಗಲವಾದ ಕಿಂಡಿಗೂ ಒಂದು ದೋಷವುಂಟು: ಮುಂದಿನ ಮುಖ ಸ್ಪಷ್ಟವಾದರೆ ಹಿಂದಿನ ಸಾಲು ಮಸುಕಾಗುವುದು. ಎಲ್ಲರನ್ನೂ ಸಾಲಾಗಿ ಕೂಡಿಸಿ ತೆಗೆಯುವಾಗ ಎಫ್/೫.೬ಕ್ಕೋ ಎಫ್/೮ಕ್ಕೋ ಕಿರಿದು ಮಾಡಿಕೊಂಡು, ಅಲುಗಾಡಬೇಡಿರೆಂದು ಹೇಳಿದರಾಯಿತು.

ಚೆನ್ನಾಗಿ ಬಂದ ಚಿತ್ರಗಳಿಗೆ ಬೇರೆ ಬೇರೆ ಕಡೆಗಳಲ್ಲಿ ಎರಡು ಪ್ರತಿಗಳಿರಲಿ. ವರ್ಷಕ್ಕೆ ಹತ್ತಾದರೂ ಕಾಗದದ ಮೇಲೆ ಅಚ್ಚಾಗಲಿ.

ನಮ್ಮ ಗೋಡೆಯ ಮೇಲೆ ಈಗ ಅತ್ತೆಯವರ ಯೌವನಕಾಲದ ಸಣ್ಣ ಚಿತ್ರವೊಂದನ್ನು ಹಿಗ್ಗಿಸಿ ಹಾಕಿರುವೆವು. ನಾವು ಕಂಡ ಅತ್ತೆ ಅದರಲ್ಲಿಲ್ಲ; ಅದನ್ನು ನೋಡಿ ಮಕ್ಕಳು ಇವರು ಯಾರೆಂದು ಕೇಳುವರು. ಮುಂದಿನ ಸಮಾರಂಭದಲ್ಲಿ ಕ್ಯಾಮೆರಾ ಹಿಡಿಯುವ ವಾಚಕರು ಮೊದಲು ಅಡಿಗೆಯ ಮನೆಗೆ ಹೋಗಿ, ಆಮೇಲೆ ಮಂಟಪಕ್ಕೆ ಬರಲಿ ಎಂದು ನನ್ನ ಬಿನ್ನಹ.